“ಮತ್ತೆ ಬರುವುದಿಲ್ಲ” ಅಂದ ಜಾಕೆಟ್ ಎರಡು ಸಲ ಬಂತು: ಡ್ರಾಪ್‌ನಲ್ಲಿ ಬಟ್ಟೆ ಕೊಳ್ಳುವವರು ದಯವಿಟ್ಟು ಓದಿ

ಡ್ರಾಪ್ ಅಂದರೆ ಸ್ವಲ್ಪವೇ ಮಾಲನ್ನು ಮೊದಲೇ ಹೇಳಿದ ಹೊತ್ತಿಗೆ ಒಮ್ಮೆಲೇ ಮಾರಾಟಕ್ಕೆ ಬಿಡೋದು. ಇಂಥ ಲಿಮಿಟೆಡ್ ಎಡಿಷನ್ ಬಟ್ಟೆಗೆ ಫೋನ್ ಹಿಡಿದು ಕಾದು ಕೂರುವ ಅಭ್ಯಾಸ ನಿಮಗಿದ್ದರೆ ಇದನ್ನು ಪೂರ್ತಿ ಓದಿ. ನನಗೂ ನನ್ನ ತಂಗಿಗೂ ಆದದ್ದು ಇನ್ನೊಬ್ಬರಿಗೆ ಆಗಬಾರದು.

ತಂಗಿಗೆ ಮೊದಲ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಒಂದು ಒಳ್ಳೆ ಜಾಕೆಟ್ ತಗೋಬೇಕು ಅನ್ನೋದು ಅವಳ ಆಸೆ. ಒಂದು ಬ್ರ್ಯಾಂಡ್‌ನವರು ಎರಡು ವಾರದಿಂದ ಅದರ ಫೋಟೋ ಹಾಕುತ್ತಲೇ ಇದ್ದರು. ಪಾಚಿ ಹಸಿರು ಬಣ್ಣ, ದಪ್ಪ ಕಾಟನ್, ಎದೆಯ ಮೇಲೆ ಎರಡು ಜೇಬು. ಪ್ರತಿ ಫೋಟೋದ ಕೆಳಗೂ ಒಂದೇ ಸಾಲು: “ಒಂದೇ ಬ್ಯಾಚ್. ಮತ್ತೆ ಬರುವುದಿಲ್ಲ.” ಶುಕ್ರವಾರ ರಾತ್ರಿ 8ಕ್ಕೆ ಮಾರಾಟ ಶುರು. ಆ ಹೊತ್ತಿಗೆ ಅವಳಿಗೆ ಶಿಫ್ಟ್ ಇತ್ತು. “ಅಕ್ಕ, ನೀನೇ ತಗೊಂಡುಬಿಡು, ಎಂ ಸೈಜ್” ಅಂತ ದುಡ್ಡು ನನ್ನ ಖಾತೆಗೆ ಹಾಕಿದಳು.

8 ಗಂಟೆಗೆ ಸರಿಯಾಗಿ ಪೇಜ್ ತೆರೆದೆ. ಎಂ ಸೈಜ್ ಕಾರ್ಟ್‌ಗೆ ಹಾಕಿದೆ. ವಿಳಾಸ ತುಂಬಿದೆ, ಓಟಿಪಿ ಬಂತು, ಹಾಕಿದೆ. ಅಷ್ಟರಲ್ಲಿ “ಸೋಲ್ಡ್ ಔಟ್” ಅಂತ ಬಂತು. ಕಾರ್ಟ್‌ನಲ್ಲಿದ್ದ ವಸ್ತು ಹೋಗೋದು ಹೇಗೆ ಅಂತ ನನಗೆ ಅರ್ಥವೇ ಆಗಲಿಲ್ಲ. ಎಷ್ಟೋ ಸೈಟ್‌ಗಳಲ್ಲಿ ಕಾರ್ಟ್‌ಗೆ ಹಾಕಿದರೆ ಆ ಪೀಸ್ ನಮಗೆ ಅಂತ ಮೀಸಲಾಗುವುದಿಲ್ಲ, ದುಡ್ಡು ಕಟ್ಟಿ ಮುಗಿಸಿದವರಿಗೇ ಅದು ಸೇರುತ್ತದೆ. ಇದು ಗೊತ್ತಾದದ್ದು ಆಮೇಲೆ.

ಉಳಿದದ್ದು ಎಕ್ಸ್‌ಎಸ್ ಮತ್ತು ಎಲ್ ಮಾತ್ರ. ಎಲ್ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಹತ್ತು ನಿಮಿಷದ ಗಡಿಯಾರ ಇಳಿಯುತ್ತಿತ್ತು. ತಂಗಿಯ ಮೆಸೇಜ್ ಬಂತು: “ಸಿಕ್ತಾ?” ಎಲ್ ಕೊಂಡೆ. “ಫೈನಲ್ ಸೇಲ್, ವಾಪಸ್ ಇಲ್ಲ, ಬದಲಾವಣೆ ಇಲ್ಲ” ಅಂತ ಕೆಳಗೆ ಸಣ್ಣದಾಗಿ ಇತ್ತು. ಓದಿದೆ, ಆದರೂ ಒತ್ತಿದೆ. ಆಮೇಲೆ ನೋಡೋಣ ಅಂತ ಅದೇ ಪೇಜ್ ಮತ್ತೆ ತೆರೆದರೆ ಗಡಿಯಾರ ಹತ್ತು ನಿಮಿಷದಿಂದ ಹೊಸದಾಗಿ ಓಡುತ್ತಿತ್ತು. ಅದು ಯಾವ ಸ್ಟಾಕನ್ನೂ ಲೆಕ್ಕ ಹಾಕುತ್ತಿರಲಿಲ್ಲ. ನನ್ನನ್ನು ಅವಸರಪಡಿಸಲು ಇಟ್ಟದ್ದು ಅಷ್ಟೇ.

ಜಾಕೆಟ್ ಬಂತು. ತಂಗಿ ಹಾಕಿಕೊಂಡಳು. ತೋಳು ಬೆರಳ ತುದಿ ದಾಟಿತ್ತು, ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿತ್ತು. “ಪರವಾಗಿಲ್ಲ ಅಕ್ಕ, ಮಡಚಿಕೊಳ್ತೀನಿ” ಅಂದಳು. ನನಗೆ ಅಳು ಬಂತು. ಅದು ಅವಳ ಮೊದಲ ಸಂಬಳದ ದುಡ್ಡು ಅಲ್ವಾ?

ಒಂಬತ್ತನೇ ದಿನ ಮೇಲ್ ಬಂತು: “ನಿಮ್ಮ ಬೇಡಿಕೆಯ ಮೇರೆಗೆ ಮರಳಿ ಬಂದಿದೆ!” ಎಂ ಕೂಡ ಇತ್ತು. ಮೇಲ್ ಬಂದು ಇಪ್ಪತ್ತು ನಿಮಿಷಕ್ಕೆ ನಾನು ನೋಡಿದೆ. ಅಷ್ಟರಲ್ಲೇ ಖಾಲಿ. “ಬಂದಾಗ ತಿಳಿಸಿ” ಅಂತ ಹೆಸರು ಕೊಟ್ಟರೆ ನಮಗೊಂದು ಸರದಿ ಇರುತ್ತದೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಹೆಸರು ಕೊಟ್ಟ ಎಲ್ಲರಿಗೂ ಒಂದೇ ಸಲ ಮೇಲ್ ಹೋಗುತ್ತದೆ. ಮತ್ತೆ ಅದೇ ಓಟ.

ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ವಿಭಾಗ ನೋಡಿಕೊಳ್ಳುವ ಗೆಳತಿಯೊಬ್ಬಳಿದ್ದಾಳೆ. ಅವಳ ಹತ್ತಿರ ಎಲ್ಲ ಹೇಳಿಕೊಂಡೆ. ಅವಳು ಮೊದಲು ಕೇಳಿದ್ದು, “ಒಂಬತ್ತು ದಿನದಲ್ಲಿ ಯಾರು ಹೊಲಿದು ಕಳಿಸ್ತಾರೆ?” ಅಂತ. ಬಟ್ಟೆ ನೇಯಬೇಕು, ಬಣ್ಣ ಹಾಕಬೇಕು, ಕತ್ತರಿಸಬೇಕು, ಹೊಲಿಯಬೇಕು, ತಪಾಸಣೆ ಆಗಬೇಕು, ಪ್ಯಾಕ್ ಆಗಬೇಕು, ಗೋದಾಮಿಗೆ ಬರಬೇಕು. ಮೊದಲಿಂದ ಶುರು ಮಾಡಿದರೆ ಇದು ತಿಂಗಳುಗಳ ಕೆಲಸ. ಹಾಗಾಗಿ ಕೆಲವೇ ದಿನದಲ್ಲಿ ಬರುವ ರಿಸ್ಟಾಕ್ (ಖಾಲಿಯಾದದ್ದು ಮತ್ತೆ ಮಾರಾಟಕ್ಕೆ ಬರೋದು) ಸಾಮಾನ್ಯವಾಗಿ ಹೊಸ ಮಾಲಲ್ಲ. ಜನ ವಾಪಸ್ ಕಳಿಸಿದ ಪೀಸ್, ಪೇಮೆಂಟ್ ಆಗದೆ ಬಿದ್ದುಹೋದ ಆರ್ಡರ್, ಮೋಸದ ಅನುಮಾನದಿಂದ ರದ್ದಾದ ಆರ್ಡರ್ ಇವೆಲ್ಲ ಸ್ಟಾಕ್‌ಗೆ ಮರಳುತ್ತವೆ. ಮೊದಲ ದಿನ ಬಿಡದೆ ಎತ್ತಿಟ್ಟ ಮಾಲೂ ಇರುತ್ತದೆ. ನಮ್ಮ ಜಾಕೆಟ್ ವಾಪಸ್ ತಗೊಳ್ಳದ ಫೈನಲ್ ಸೇಲ್ ಅಲ್ವಾ? ಹಾಗಿದ್ದರೆ ಅಷ್ಟು ಸೈಜ್‌ಗಳು ಎಲ್ಲಿಂದ ಬಂದವು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಎಲ್ಲ ಮಾಲನ್ನೂ ಮೊದಲ ದಿನವೇ ಬಿಡಲ್ಲ” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಿದವನು ಅವನೊಬ್ಬನೇ.

ಎಂ ಸೈಜ್ ಯಾಕೆ ಮೊದಲು ಖಾಲಿ ಆಗುತ್ತದೆ ಅನ್ನೋದನ್ನೂ ಗೆಳತಿ ಬಿಡಿಸಿ ಹೇಳಿದಳು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ. ಮೇಲೆ ಎಲ್ಲ ಸೈಜ್‌ಗಳ ಗುರುತಿರುವ ಮಾರ್ಕರ್ ಕಾಗದ ಇಡುತ್ತಾರೆ. ಯಾವ ಸೈಜ್ ಎಷ್ಟು ಅನ್ನೋ ರೇಶಿಯೋ ಅಲ್ಲೇ ತೀರ್ಮಾನ ಆಗಿರುತ್ತದೆ. ಉದಾಹರಣೆಗೆ ಒಂದು ಎಸ್, ಎರಡು ಎಂ, ಎರಡು ಎಲ್, ಒಂದು ಎಕ್ಸ್‌ಎಲ್. ಕತ್ತರಿ ಬಿದ್ದ ಮೇಲೆ ಅದನ್ನು ಬದಲಿಸೋಕೆ ಆಗಲ್ಲ. ಕೊಳ್ಳುವವರ ಲೆಕ್ಕ ಆ ರೇಶಿಯೋಗೆ ಹೊಂದದಿದ್ದರೆ ಒಂದು ಸೈಜ್ ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ “ಎರಡೇ ನಿಮಿಷದಲ್ಲಿ ಸೋಲ್ಡ್ ಔಟ್” ಅನ್ನೋ ಪೋಸ್ಟರ್ ನೋಡಿ ಎಲ್ಲವೂ ಹೋಯಿತು ಅಂದುಕೊಳ್ಳಬೇಡಿ. ಎಷ್ಟು ಪೀಸ್ ಇದ್ದವು ಅಂತ ಹೇಳದೆ “ಲಿಮಿಟೆಡ್” ಅಂದರೆ ಆ ಪದಕ್ಕೆ ಬೆಲೆಯೇ ಇಲ್ಲ. ನೂರು ಪೀಸೂ ಲಿಮಿಟೆಡ್, ಹತ್ತು ಸಾವಿರವೂ ಲಿಮಿಟೆಡ್.

ಕಡಿಮೆ ಮಾಡಿ ಮಾರೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ಬ್ರ್ಯಾಂಡ್‌ಗಳಿಗೆ ಜಾಸ್ತಿ ಬಟ್ಟೆ ಕೊಳ್ಳಲು ಬಂಡವಾಳ ಇರುವುದಿಲ್ಲ. ಉಳಿದುಹೋದ ಥಾನ್‌ನಲ್ಲೇ ಹೊಲಿಯುವವರೂ ಇದ್ದಾರೆ, ಅದು ಮುಗಿದರೆ ನಿಜಕ್ಕೂ ಮುಗಿಯಿತು. ದೊಡ್ಡವರ ಕಥೆ ಬೇರೆ. 1994ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಕೇಟ್‌ಬೋರ್ಡ್ ಅಂಗಡಿಯಾಗಿ ಶುರುವಾದ ಸುಪ್ರೀಂ, ಗುರುವಾರದ ಡ್ರಾಪ್‌ಗಳಿಂದಲೇ ಹೆಸರು ಮಾಡಿತು. 2020ರಲ್ಲಿ ಅಮೆರಿಕದ ಬಟ್ಟೆ ಕಂಪನಿ ವಿಎಫ್ ಕಾರ್ಪೊರೇಷನ್ ಅದನ್ನು ಸುಮಾರು 210 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. 2018ರಲ್ಲಿ, ದುಬಾರಿ ಬಟ್ಟೆ ಮಾರುವ ಬ್ರಿಟನ್ನಿನ ಬರ್ಬರಿ ಕಂಪನಿ ಹಿಂದಿನ ಆರ್ಥಿಕ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಮಾಲನ್ನು ನಾಶ ಮಾಡಿದ್ದು ಹೊರಬಂತು. ಜನರ ಸಿಟ್ಟು ನೋಡಿ ಅದೇ ವರ್ಷ ಆ ಪದ್ಧತಿ ನಿಲ್ಲಿಸಿತು. ಕಡಿಮೆ ಇದೆ ಅನ್ನೋ ಭಾವನೆಗೆ ಎಷ್ಟು ಬೆಲೆ ಇದೆ ನೋಡಿ.

ಇನ್ನು ಬಾಟ್‌ಗಳು. ವಿಳಾಸ, ಕಾರ್ಡ್ ಎಲ್ಲವನ್ನೂ ಕ್ಷಣದಲ್ಲಿ ತುಂಬಿ ಆರ್ಡರ್ ಹಾಕುವ ಸಾಫ್ಟ್‌ವೇರ್ ಅದು. ಮರುಮಾರಾಟ ಮಾಡುವವರು ಇದನ್ನು ಬಳಸುತ್ತಾರೆ. ಓಟಿಪಿ ಟೈಪ್ ಮಾಡುವ ನಾವು ಅದರ ಮುಂದೆ ನಿಲ್ಲಲಾರೆವು. ಆ ರಾತ್ರಿಯೇ ಅದೇ ಜಾಕೆಟ್‌ನ ಎಂ ಸೈಜ್ ಬೇರೆ ಕಡೆ ಎರಡು ಪಟ್ಟು ಬೆಲೆಗೆ ಇತ್ತು. ತಂಗಿ ಬೇಡ ಅಂದದ್ದರಿಂದ ಉಳಿದುಕೊಂಡೆ. ಯಾವ ಬ್ರ್ಯಾಂಡ್ ಹೆಸರು ನೋಂದಾಯಿಸಿಕೊಂಡು ಲಾಟರಿ ಎತ್ತಿ ಕೊಡುತ್ತದೋ ಅವರ ಬಳಿ ಹೋಗಿ. ಅಲ್ಲಿ ಸಿಗದೇ ಇರಬಹುದು, ಆದರೆ ಬೆರಳಿನ ವೇಗಕ್ಕೆ ಅಲ್ಲಿ ಕೆಲಸವಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ರಿಸ್ಟಾಕ್ ಬಂತು. ಈ ಸಲ ಎಲ್ಲ ಸೈಜ್ ಇತ್ತು, ಗಡಿಯಾರ ಇರಲಿಲ್ಲ, ವಾಪಸ್ ಕೂಡ ತಗೊಳ್ಳುತ್ತೇವೆ ಅಂದಿದ್ದರು. ನನ್ನ ದುಡ್ಡಲ್ಲಿ ತಂಗಿಗೆ ಎಂ ತರಿಸಿದೆ. ಪೊಟ್ಟಣ ಬಿಚ್ಚಿದಾಗಲೇ ಏನೋ ಬೇರೆ ಅನ್ನಿಸಿತು. ಎರಡನ್ನೂ ಕಿಟಕಿ ಹತ್ತಿರ ಅಕ್ಕಪಕ್ಕ ಹಾಸಿದೆ. ಮೊದಲನೆಯದು ಮಳೆಗಾಲದ ಗೋಡೆಯ ಪಾಚಿಯ ಹಸಿರು. ಹೊಸದಕ್ಕೆ ಹಳದಿ ಬೆರೆತಿತ್ತು. ಕೈಯಲ್ಲಿ ಹಿಡಿದರೆ ಹಗುರ. ಪಕ್ಕದ ಹೊಲಿಗೆಯ ಒಳಗಿನ ಲೇಬಲ್ ತಿರುಗಿಸಿ ನೋಡಿದೆ. ಮೊದಲನೆಯದರಲ್ಲಿ 100% ಕಾಟನ್, ಹೊಸದರಲ್ಲಿ 80% ಕಾಟನ್, 20% ಪಾಲಿಯೆಸ್ಟರ್. ಹೆಸರು, ಫೋಟೋ, ಬೆಲೆ ಮಾತ್ರ ಅದೇ.

ಬಣ್ಣದ ವ್ಯತ್ಯಾಸ ಮೋಸವೇ ಆಗಿರಬೇಕಿಲ್ಲ ಅಂತ ಗೆಳತಿ ಹೇಳಿದಳು. ಒಂದೊಂದು ಡೈ ಲಾಟ್‌ಗೂ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ಬಟ್ಟೆಯ ಗುಂಪಿಗೂ, ಶೇಡ್ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಒಂದೇ ಉಡುಪಿನ ತೋಳು ಒಂದು ಲಾಟ್, ಬೆನ್ನು ಇನ್ನೊಂದು ಲಾಟ್ ಆಗದಂತೆ ನೋಡಿಕೊಳ್ಳುತ್ತಾರೆ. ಶರ್ಟ್ ಈಗ, ಅದರ ಜೋಡಿ ಪ್ಯಾಂಟ್ ರಿಸ್ಟಾಕ್‌ನಲ್ಲಿ ಅಂತ ಯೋಚಿಸುವವರು ಇದನ್ನು ನೆನಪಿಡಿ, ಎರಡೂ ಹೊಂದದೇ ಹೋಗಬಹುದು. ಆದರೆ ಬಟ್ಟೆಯನ್ನೇ ಬದಲಿಸಿ ಅದೇ ಜಾಕೆಟ್ ಅಂತ ಮಾರೋದು ಶೇಡ್‌ನ ಮಾತಲ್ಲ. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಸುಳ್ಳು ಅವಸರ ಹುಟ್ಟಿಸೋದರ ವಿರುದ್ಧ ನಿಯಮಗಳಿವೆ. ಯುರೋಪಿಯನ್ ಒಕ್ಕೂಟದ 2005ರ ಒಂದು ನಿರ್ದೇಶನದಲ್ಲಿ, ತಕ್ಷಣ ಕೊಳ್ಳುವಂತೆ ಮಾಡಲು “ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ” ಅಂತ ಸುಳ್ಳು ಹೇಳೋದನ್ನು ನಿಷೇಧಿಸಿದ್ದಾರೆ. ಭಾರತದಲ್ಲಿ 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಕೊಳ್ಳುವವರನ್ನು ದಾರಿ ತಪ್ಪಿಸುವ ಸೈಟ್, ಆ್ಯಪ್ ವಿನ್ಯಾಸ) ಮಾರ್ಗಸೂಚಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡುತ್ತದೆ, ಅದರಲ್ಲಿ ಮೊದಲನೆಯದೇ ಸುಳ್ಳು ತುರ್ತು. ದೂರು ಕೊಡುವಾಗ ಈ ಪದ ಬಳಸಿ. ಸುಮ್ನೆ “ಮೋಸ ಆಯ್ತು” ಅಂದರೆ ಅವರು ಕಿವಿಗೆ ಹಾಕಿಕೊಳ್ಳೋದಿಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಒಂದೇ ವಸ್ತು. ಮೊದಲ ಡ್ರಾಪ್‌ಗೂ ಮುಂಚೆ ತಂಗಿ ಆಸೆಯಿಂದ ಆ ಪೇಜ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು. ಅದರಲ್ಲಿ “100% ಕಾಟನ್” ಅಂತಲೂ ಇತ್ತು, “ಮತ್ತೆ ಬರುವುದಿಲ್ಲ” ಅಂತಲೂ ಇತ್ತು. ನಾನು ದೂರು ಕೊಡುವ ಹೊತ್ತಿಗೆ ಪೇಜ್‌ನಲ್ಲಿ ಎರಡು ಸಾಲೂ ಮಾಯವಾಗಿದ್ದವು. ಸ್ಕ್ರೀನ್‌ಶಾಟ್ ಮತ್ತು ಎರಡು ಲೇಬಲ್‌ಗಳ ಫೋಟೋ ಕಳಿಸಿದ ಮೇಲೆ ಎರಡನೇ ಜಾಕೆಟ್‌ನ ದುಡ್ಡು ವಾಪಸ್ ಬಂತು. ಮೊದಲನೆಯದಕ್ಕೆ “ಫೈನಲ್ ಸೇಲ್” ಅನ್ನೋ ಉತ್ತರವೇ ಬರುತ್ತಿದೆ. ನಾನಿನ್ನೂ ಬರೆಯುತ್ತಿದ್ದೇನೆ.

ಅದೇ ಬ್ರ್ಯಾಂಡ್ ಈ ವಾರ ಇನ್ನೊಂದು ಡ್ರಾಪ್ ಘೋಷಿಸಿದೆ. ಇಂಥ ಯಾವುದಕ್ಕಾದರೂ ನೀವು ಕಾಯುತ್ತಿದ್ದರೆ ಇವತ್ತೇ ಆ ಪೇಜ್‌ನ, ಸೈಜ್ ಅಳತೆಯ ಮತ್ತು ವಾಪಸಾತಿ ನಿಯಮದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎಷ್ಟು ಪೀಸ್ ಮಾಡಿದ್ದೀರಿ ಅಂತ ಬರೆದು ಕೇಳಿ, ಉತ್ತರ ಬಂದರೆ ಅದನ್ನೂ ಉಳಿಸಿಕೊಳ್ಳಿ. ನಿಮ್ಮ ಸೈಜ್ ಸಿಗದಿದ್ದರೆ ಫೋನ್ ಕೆಳಗಿಡಿ.