ತಾಮ್ರ ಹೀರಿದ ಲೈವ್ ರಾಕ್‌ಗೆ ಸೀಕೆಮ್ ಕುಪ್ರಿಸಾರ್ಬ್

ಇಚ್ ರೋಗಕ್ಕೆ (ಮೀನಿನ ಮೈಮೇಲೆ ಬಿಳಿ ಚುಕ್ಕೆ ಬರುವ ರೋಗ) ತಾಮ್ರದ ಔಷಧಿ ಬಿದ್ದ ಉಪ್ಪುನೀರಿನ ಟ್ಯಾಂಕಿನ ಲೈವ್ ರಾಕನ್ನು (ಸೂಕ್ಷ್ಮಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಹಾಗೇ ಹವಳದ ಟ್ಯಾಂಕಿಗೆ ಇಳಿಸಬೇಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು. ರಂಧ್ರಗಳಲ್ಲಿ ಕೂತ ತಾಮ್ರ ಪಿಎಚ್ ಇಳಿದಾಗ ಮತ್ತೆ ನೀರಿಗೆ ಬರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವೇ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ.

ಇಂಥ ಕಲ್ಲಿಗೆ ಸೀಕೆಮ್ ಕಂಪನಿಯ ಕುಪ್ರಿಸಾರ್ಬ್ ನಿಜಕ್ಕೂ ಒಳ್ಳೆಯ, ತಾಮ್ರ ಹೀರುವ ರಾಳ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 1.025 ಸಾಂದ್ರತೆಯ ಹೊಸ ಉಪ್ಪುನೀರು, 25 ಡಿಗ್ರಿಗೆ ಹೀಟರ್, ಒಂದು ಪವರ್‌ಹೆಡ್ (ನೀರು ಹರಿಸುವ ಪಂಪ್) ಇಟ್ಟು ಕಲ್ಲನ್ನು ಮುಳುಗಿಸಿ. ರಾಳವನ್ನು ಸಣ್ಣ ಕಣ್ಣಿನ ಚೀಲಕ್ಕೆ ತುಂಬಿ ನೀರಿನ ಹರಿವಿಗೆ ಅಡ್ಡ ಕಟ್ಟಿ. ಮೂಲೆಯಲ್ಲಿ ಬಿಟ್ಟರೆ ಹೆಚ್ಚೇನೂ ಹೀರುವುದಿಲ್ಲ. ಲೇಬಲ್ಲಿನ ಅಳತೆ ನೀರಿಗೆ, ಕಲ್ಲಿಗಲ್ಲ. ಆದ್ದರಿಂದ ದುಪ್ಪಟ್ಟು ಹಾಕುವುದೇ ಲೇಸು. ರಾಳದ ಕಾಳುಗಳು ಕಡುನೀಲಿ-ಕಪ್ಪು ಬಣ್ಣಕ್ಕೆ ತಿರುಗಿದರೆ ಅವು ತುಂಬಿವೆ ಎಂದರ್ಥ, ಬದಲಿಸಿ.

ಹೆಚ್ಚಿನವರು ಎಡವುವುದು ಇಲ್ಲೇ: ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಕೂಡಲೇ ಕಲ್ಲು ಎತ್ತಿಬಿಡುತ್ತಾರೆ. ಚೀಲ ತೆಗೆದು, ನೀರು ಪೂರ್ತಿ ಬದಲಿಸಿ, 2 ವಾರ ಬಿಟ್ಟು ಮತ್ತೆ ಅಳೆಯಿರಿ. ಆಗಲೂ ಕಿಟ್‌ನಲ್ಲಿ ತಾಮ್ರದ ಬಣ್ಣ ಬಂದರೆ ಇನ್ನೊಂದು ಸುತ್ತು. ತಿಂಗಳುಗಟ್ಟಲೆ ಹಿಡಿಯಬಹುದು.

ಫಾಸ್ಫೇಟ್, ಐಪ್ಟೇಸಿಯಾಗಳಿಗೆ (ಟ್ಯಾಂಕಿನಲ್ಲಿ ಪಿಡುಗಾಗಿ ಹರಡುವ ಕಡಲ ಅನಿಮೋನ್) ಇದು ಮದ್ದಲ್ಲ. ಹಲವು ವರ್ಷ ತಾಮ್ರ ಕುಡಿದ ಕಲ್ಲಾದರೆ ಮೀನು ಮಾತ್ರ ಇರುವ ಟ್ಯಾಂಕಿಗೇ ಇಡಿ.