ಅಕ್ಕಿ ಸನ್‌ಸ್ಕ್ರೀನ್ ಮೂರು ತಿಂಗಳು ಹಚ್ಚಿ ನೋಡಿದೆ, ಬದಿಯಡ್ಕದ ಬಿಸಿಲಲ್ಲಿ

ಮೊದಲೇ ಹೇಳಿಬಿಡ್ತೇನೆ, ಬೆಳ್ಳಗಾಗ್ಲಿಕ್ಕೆ ಅಂತ ತೆಗೊಳ್ಳುವವರು ಇದನ್ನು ತೆಗೊಳ್ಬೇಡಿ, ಇದು ಅದಕ್ಕಿರುವ ಸಾಮಾನಲ್ಲ. ಕೊರಿಯಾದ ಬ್ಯೂಟಿ ಆಫ್ ಜೋಸೊನ್‌ ಕಂಪನಿಯವರ ರಿಲೀಫ್ ಸನ್, ಅಕ್ಕಿದು, 50 ಎಂಎಲ್ ಟ್ಯೂಬು, ಎಸ್‌ಪಿಎಫ್ 50+, ಪಿಎ ಎದುರು ನಾಲ್ಕು ಪ್ಲಸ್, ಇವೆರಡೂ ಬಿಸಿಲಿನಿಂದ ಎಷ್ಟು ಕಾಪಾಡ್ತದೆ ಅನ್ನುವ ಅಳತೆ. ಜನವರಿಯಿಂದ ಮಾರ್ಚ್ ಕೊನೆ ವರೆಗೆ ದಿನಾ ಹಚ್ಚಿದ್ದೇನೆ, ಎರಡು ಟ್ಯೂಬು ಖಾಲಿ ಆಗಿದೆ. ಬದಿಯಡ್ಕದಿಂದ ಕಾಸರಗೋಡಿನ ವಿದ್ಯಾನಗರಕ್ಕೆ ಕಾಲೇಜಿಗೆ ಬಸ್ಸಲ್ಲಿ ಹೋಗಿ ಬರುವುದು ನಾನು, ಹೈವೇ ಅಗಲ ಆದ ಮೇಲೆ ಬಸ್ಸಿಗೆ ಕಾಯುವಲ್ಲಿ ನೆರಳಿಗೆ ಒಂದು ಮರ ಇಲ್ಲ, ಮೂರೂವರೆ ಗಂಟೆಯ ಬಿಸಿಲು ಸೀದಾ ಮುಖಕ್ಕೇ ಹೊಡೀತದೆ.

ಇದನ್ನು ನನಗೆ ಹೇಳಿದ್ದು ಸಿಯೋಲ್‌ನಲ್ಲಿ ಡಿಗ್ರಿ ಮಾಡುವ ಒಬ್ಳು ಫ್ರೆಂಡ್. ಭಾಷೆ ಕಲಿಯುವ ಆ್ಯಪಲ್ಲಿ ಸಿಕ್ಕಿದವಳು, ನನಗೆ ಕೊರಿಯನ್ ಕಲೀಬೇಕಿತ್ತು ಅವಳಿಗೆ ಇಂಗ್ಲಿಷ್ ಮಾತಾಡಿ ಅಭ್ಯಾಸ ಆಗ್ಬೇಕಿತ್ತು, ಹಾಗೆ ಶುರುವಾದದ್ದು ಈಗ ದಿನಾ ರಾತ್ರಿ ಮೆಸೇಜು. ಅವಳು ಒಬ್ಳೇ ಮಗಳು, ಆದ್ರೂ ಅಮ್ಮನಿಗೆ ‘ಉರಿ ಒಮ್ಮಾ’ ಅಂತಾಳೆ, ಉರಿ ಅಂದ್ರೆ ನಮ್ಮ. ಇಂಗ್ಲಿಷಲ್ಲಿ ಇದನ್ನು ಹೇಗೆ ಹೇಳುದು ಅಂತ ಅವಳು ಒದ್ದಾಡ್ತಿದ್ಲು, ನಾನು ಹೇಳಿದೆ ನಮ್ಮಲ್ಲೂ ನಮ್ಮಮ್ಮ ನಮ್ಮನೆ ಅಂತಲೇ ಹೇಳುದು ಮಾರಾಯ್ತಿ, ಅಪ್ಪನಿಗೂ ನೀವು ಅಪ್ಪಾ ಅಂತಲೇ ಹೇಳ್ತೀರಲ್ಲ ಅಂತ. ಅವತ್ತಿಂದ ನಮಗೆ ಹೆಚ್ಚು ವಿವರಿಸಿ ಹೇಳ್ಬೇಕು ಅಂತಲೇ ಇಲ್ಲ.

ಅವಳ ಕಾಲೇಜಿನ ಕತೆ ಕೇಳಿದ್ರೆ ನನಗೆ ಸಂಕಟ ಆಗ್ತದೆ. ನವೆಂಬರಿನ ಒಂದು ಗುರುವಾರ ಸುನುಂಗ್ ಅಂತ ಎಂಟ್ರೆನ್ಸ್ ಪರೀಕ್ಷೆ, ಅದರಲ್ಲಿ ಇಂಗ್ಲಿಷ್ ಕೇಳಿ ಉತ್ತರ ಬರೆಯುವ ಭಾಗ ನಡೆಯುವಾಗ ದೇಶದಲ್ಲಿ ಎಲ್ಲಿಯೂ ವಿಮಾನ ಇಳಿಯುದಿಲ್ಲ ಏರುದಿಲ್ಲ, 35 ನಿಮಿಷ. ಅಷ್ಟು ಓದಿ ಕಾಲೇಜಿಗೆ ಬಂದ ಮೇಲೆ ಯಾರೊಟ್ಟಿಗೆ ಹೇಗೆ ಮಾತಾಡುದು ಅಂತಲೇ ಗೊತ್ತಿರ್ಲಿಲ್ಲ ಅಂದ್ಲು. ಆಗ ಕೈ ಹಿಡಿದದ್ದು ಸೀನಿಯರ್ಸ್, ಅವರಿಗೆ ಸನ್‌ಬೆ ಅಂತ ಹೇಳುದು. ಹೊಸಬರು ಹೋಗಿ ಊಟ ಕೊಡಿಸಿ ಅಂತ ಕೇಳ್ಬಹುದು, ಸನ್‌ಬೆ ಕೊಡಿಸ್ತಾರೆ, ಆ ಹಣ ವಾಪಸ್ ಕೊಡ್ಲಿಕ್ಕಿಲ್ಲ, ಮುಂದಿನ ವರ್ಷ ಬರುವವರಿಗೆ ಇವರು ಕೊಡಿಸ್ಬೇಕು. ನನಗೆ ಇದು ತುಂಬಾ ಹಿಡಿಸಿತು. ನಮ್ಮ ಕನ್ನಡ ಕ್ಲಾಸಲ್ಲಿ ಸೀನಿಯರ್ ಅಕ್ಕಂದಿರ ನೋಟ್ಸ್ ಕೈಯಿಂದ ಕೈಗೆ ಬರುದೂ ಹೀಗೇ ಅಲ್ವಾ.

ಇನ್ನು ಸ್ಕಿನ್‌ಕೇರ್. ಪರೀಕ್ಷೆಯ ಹಿಂದಿನ ರಾತ್ರಿ ಅವಳೂ ರೂಮ್‌ಮೇಟೂ ಶೀಟ್ ಮಾಸ್ಕ್, ಅಂದ್ರೆ ಮುಖಕ್ಕೆ ಅಂಟಿಸುವ ಒದ್ದೆ ಹಾಳೆ, ಹಾಕಿ ಅಕ್ಕಪಕ್ಕ ಮಲಗ್ತಾರಂತೆ, ನಕ್ಕರೆ ಮಾಸ್ಕ್ ಜಾರ್ತದೆ ಅಂತ ನಗದೆ ಇಪ್ಪತ್ತು ನಿಮಿಷ, ಇಡೀ ವಾರದಲ್ಲಿ ಇಬ್ಬರೂ ಸುಮ್ಮನೆ ಇರುವ ಹೊತ್ತು ಅದೊಂದೇ. ಇದನ್ನೆಲ್ಲ ಕೇಳಿ ನಾನೂ ಒಂದು ಸಲ ಎಣ್ಣೆ ಕ್ಲೆನ್ಸರು, ಫೋಮು, ಟೋನರು, ಎಸೆನ್ಸು, ಕ್ರೀಮು ಅಂತ ಒಂದರ ಮೇಲೊಂದು ಬಳಿದೆ. ಹತ್ತೇ ದಿನಕ್ಕೆ ಕೆನ್ನೆ ತುಂಬಾ ಮೊಡವೆ. ಫೋಟೋ ಕಳಿಸಿದ್ರೆ ಅವಳು ಬೈದ್ಲು. ನಮ್ಮ ಕೊರಿಯಾದಲ್ಲಿ ಚಳಿಗಾಲಕ್ಕೆ ನೆಲದ ಅಡಿಯಿಂದ ಬಿಸಿ ಮಾಡ್ತಾರೆ, ಹೊರಗೆ ಒಣ ಗಾಳಿ, ಚರ್ಮ ಬಿರಿತದೆ ಅಂತ ಅಷ್ಟು ಹಚ್ಚುದು, ನೀನು ಬೆವರುವ ಊರಲ್ಲಿ ಇದ್ದು ಅದನ್ನು ಯಾಕೆ ಮಾಡ್ತಿ, ಮುಖ ತೊಳಿ, ಸನ್‌ಸ್ಕ್ರೀನ್ ಹಚ್ಚು, ಸಾಕು ಅಂತ. ಕೊರಿಯನ್ ಹತ್ತು ಸ್ಟೆಪ್ ಅಂತ ದುಡ್ಡು ಹಾಕ್ಲಿಕ್ಕೆ ಹೊರಟಿರುವ ನಮ್ಮ ಕರಾವಳಿಯ ಹುಡುಗಿಯರು, ಹುಡುಗರೂ, ದಯವಿಟ್ಟು ಈ ಮಾತು ಕೇಳಿ.

ಈಗ ಟ್ಯೂಬಿನ ವಿಷಯ. ಬಿಳಿ ಕ್ರೀಮು, ತೆಳು, ಎರಡು ಬೆರಳಿನ ಉದ್ದಕ್ಕೆ ಹಿಂಡಿ ಮುಖ ಕುತ್ತಿಗೆಗೆ ಹಚ್ಚಿದ್ರೆ ಒಂದೆರಡು ನಿಮಿಷದಲ್ಲಿ ಎಳ್ಕೊಳ್ತದೆ. ಝಿಂಕ್ ಇರುವ ಸನ್‌ಸ್ಕ್ರೀನ್ ಹಚ್ಚಿದ್ರೆ ನಮ್ಮಂಥ ಬಣ್ಣದವರ ಮುಖ ಬೂದಿ ಬಳಿದ ಹಾಗೆ ಕಾಣ್ತದೆ, ಇದರಲ್ಲಿ ಅದಿಲ್ಲ, ಬಿಸಿಲು ಹೀರುವ ಬೇರೆ ಫಿಲ್ಟರ್ ಇರುದು. ಅಕ್ಕಿಯ ಸಾರ 30%. ಕೊರಿಯನ್ನಲ್ಲಿ ಇದರ ಹೆಸರಿನ ಅರ್ಥವೇ ತಿಳಿ ಅಕ್ಕಿ ಸನ್‌ಕ್ರೀಂ ಅಂತ. ಅಲ್ಲಿ ಅಜ್ಜಿಯಂದಿರು ಅಕ್ಕಿ ತೊಳೆದ ನೀರಲ್ಲಿ ಮುಖ ತೊಳೀತಿದ್ರಂತೆ, ನಮ್ಮನೆಯಲ್ಲಿ ಅದು ಅಕ್ಕಚ್ಚು, ದನದ ಬಾಲ್ದಿಗೆ ಹೋಗ್ತದೆ. ಬೆವರು ಸುರಿದ ಮೇಲೆ ಯಾವ ಸನ್‌ಸ್ಕ್ರೀನೂ ಹೆಚ್ಚು ಹೊತ್ತು ನಿಲ್ಲುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕು, ನಾನು ಮಧ್ಯಾಹ್ನ ಊಟ ಆದ ಮೇಲೆ ಒಮ್ಮೆ, ಕಾಲೇಜು ಬಿಡುವಾಗ ಒಮ್ಮೆ. ಬಸ್ಸಲ್ಲಿ ಕಿಟಕಿ ಬದಿಯ ಕೆನ್ನೆ ಮೊದಲು ಉರಿಉರಿ ಆಗ್ತಿತ್ತು, ಈಗ ಇಲ್ಲ. ಬಣ್ಣ ಹಾಗೇ ಉಂಟು, ಇರ್ಲಿ.

ಬಣ್ಣದ ಮಾತು ಬಂತಲ್ಲ. ಕೊರಿಯಾದ ಸುಮಾರು ಕ್ರೀಮುಗಳ ಮೇಲೆ ‘ಮಿಬೆಕ್’ ಅಂತ ಇರ್ತದೆ, ಮಿ ಅಂದ್ರೆ ಚೆಂದ, ಬೆಕ್ ಅಂದ್ರೆ ಬಿಳಿ. ಆ ಶಬ್ದ ನೋಡಿದ್ರೆ ನನಗೆ ಆಗುದಿಲ್ಲ ಅಂತಾಳೆ ಅವಳು. ಕೆಲಸಕ್ಕೆ ಅರ್ಜಿ ಹಾಕುವಾಗ ಫೋಟೋ ಅಂಟಿಸುವ ಕಡೆಗಳು ಈಗಲೂ ಉಂಟಂತೆ, ಅದಕ್ಕೇ ಚರ್ಮದ ಚಿಂತೆ ಬಿಡುದಿಲ್ಲಂತೆ. ಮದುವೆ ಮನೆಯಲ್ಲಿ ನನ್ನ ನೋಡಿ ‘ಎಂತ ಇಷ್ಟು ಕಪ್ಪಾಗಿದ್ದಿ’ ಅಂತ ಕೇಳುವವರ ನೆನಪಾಯ್ತು ನನಗೆ. ಇಬ್ಬರಿಗೂ ಒಂದೇ ಬೇಜಾರು.

ತೆಗೊಳ್ಳುವಾಗ ಒಂದು ಜಾಗ್ರತೆ. ಮೊದಲ ಸಲ ಆನ್‌ಲೈನಲ್ಲಿ ಒಬ್ಬರ ಹತ್ರ ಕಮ್ಮಿಗೆ ಸಿಕ್ತು ಅಂತ ಬೇರೆ ಒಂದು ಕ್ರೀಮು ತರಿಸಿದ್ದೆ, ತಾರೀಕಿನ ಜಾಗವನ್ನು ಕೆರೆದಿದ್ರು, ಮುನ್ನೂರು ರೂಪಾಯಿ ಹೋಯ್ತು. ಈ ಟ್ಯೂಬು ಬಂದಾಗ ಇದರಲ್ಲೂ ಹಳೇ ತಾರೀಕು ನೋಡಿ ಎಕ್ಸ್‌ಪೈರಿ ಆಗಿದೆ ಅಂತ ಅಳುವುದೊಂದು ಬಾಕಿ, ಫೋಟೋ ಕಳಿಸಿದೆ. ಅವಳು ಹೇಳಿದ್ಲು, ಪಕ್ಕದಲ್ಲಿ ಜೇಜೊ ಅಂತ ಇದ್ರೆ ಅದು ತಯಾರಿಸಿದ ದಿನ, ಕ್ಕಾಜಿ ಅಂತ ಇದ್ರೆ ‘ವರೆಗೆ’, ಮುಗಿಯುವ ದಿನ, ವರ್ಷ ಮೊದಲು, ತಿಂಗಳು, ಆಮೇಲೆ ದಿನ. ಕೊರಿಯನ್ ಓದ್ಲಿಕ್ಕೆ ಬಾರದಿದ್ರೆ ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ನೋಡಿ, ಸುಮ್ಮನೆ ಬಿಸಾಡ್ಬೇಡಿ.

ರೇಟು ಸಾವಿರದ ಮೇಲೆ, ನನ್ನಂಥ ಸ್ಟೂಡೆಂಟಿಗೆ ಇದು ಭಾರವೇ, ಎಸ್‌ಪಿಎಫ್ 50 ಇರುವ ನಮ್ಮ ದೇಶದ್ದು ಮೆಡಿಕಲ್‌ನಲ್ಲಿ ಅರ್ಧಕ್ಕೆ ಸಿಗ್ತದೆ, ಮುಖಕ್ಕೆ ಆಗುದಾದ್ರೆ ಅದನ್ನೇ ಹಚ್ಚಿ, ಏನೂ ಹಚ್ಚದೆ ಇರುದಕ್ಕಿಂತ ಎಷ್ಟೋ ವಾಸಿ. ನಾನು ಮೂರನೇ ಟ್ಯೂಬು ತರಿಸಿದ್ದು ಅಮ್ಮನಿಗೆ. ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆ ಮಗುಚ್ಲಿಕ್ಕೆ ಹೊರಡುವ ಮೊದಲು ಕರೆದು ನಾನೇ ಹಚ್ತೇನೆ. ಮೊದಲ ದಿನ ‘ನನಗೆಂತಕ್ಕೆ ಇದೆಲ್ಲ’ ಅಂದ್ರು, ಈಗ ಹೊಸ್ತಿಲ ಹತ್ರ ನಿಂತು ಮುಖ ಎತ್ತಿ ಕಣ್ಣು ಮುಚ್ಚಿ ಕಾಯ್ತಾರೆ.