ಒಂದೇ ಪ್ರಶ್ನೆಪತ್ರಿಕೆ, ಮೂರು ತಕ್ಕಡಿ

ಏಳನೇ ತರಗತಿಯ ಭಿನ್ನರಾಶಿ ಮತ್ತು ಅನುಪಾತಕ್ಕೆ 30 ಬಹುಆಯ್ಕೆ ಪ್ರಶ್ನೆಗಳನ್ನು ಬರೆದು, ಒಂದು ಪೇಟೆ ಶಾಲೆ ಮತ್ತು ಎರಡು ಹಳ್ಳಿ ಶಾಲೆಗಳಲ್ಲಿ ಒಟ್ಟು 212 ಮಕ್ಕಳಿಗೆ ಜೂನ್‌ನಲ್ಲಿ ಕೊಟ್ಟಿದ್ದೆ. ಉತ್ತರಗಳು ಕೈಗೆ ಬಂದ ಮೇಲೆ ಒಂದು ಹಟ ಹುಟ್ಟಿತು. ಬಿ.ಎಡ್‌ನಲ್ಲಿ ಕಲಿತ ಹಳೆಯ ಪದ್ಧತಿ, ರಾಷ್ ಮಾದರಿ, 2ಪಿಎಲ್ (ಟು ಪ್ಯಾರಾಮೀಟರ್ ಲಾಜಿಸ್ಟಿಕ್) ಮಾದರಿ, ಈ ಮೂರರಲ್ಲೂ ಇದೇ ಉತ್ತರಗಳನ್ನು ತೂಗಿ ನೋಡಬೇಕು ಅಂತ. ಕಾರ್ಯಾಗಾರಗಳಿಗೆ ಹೋದರೆ "ಹಳೆಯದನ್ನೆಲ್ಲ ಬಿಟ್ಟುಬಿಡಿ, ಈಗೇನಿದ್ರೂ ಐಆರ್‌ಟಿ" ಅನ್ನುತ್ತಾರೆ. (ಐಆರ್‌ಟಿ ಅಂದರೆ ಐಟಂ ರೆಸ್ಪಾನ್ಸ್ ಥಿಯರಿ, ಒಂದು ಮಗು ಒಂದು ಪ್ರಶ್ನೆಯನ್ನು ಸರಿ ಮಾಡುವ ಸಾಧ್ಯತೆಯನ್ನು ಲೆಕ್ಕ ಹಾಕುವ ಮಾದರಿಗಳ ಗುಂಪು. ರಾಷ್, 2ಪಿಎಲ್ ಎರಡೂ ಅದಕ್ಕೆ ಸೇರಿದವು.) ಬಿಡುವಂಥದ್ದು ಏನಿದೆ ಅಂತ ನೋಡದೆ ಬಿಡೋದು ಹೇಗೆ?

ಹಳೆಯ ಪದ್ಧತಿಯ ಬೇರು 1904ರ ಸ್ಪಿಯರ್‌ಮನ್ ಬರಹಗಳಲ್ಲಿದೆ. ಮಗುವಿಗೆ ಬಂದ ಅಂಕ ಅಂದರೆ ನಿಜವಾದ ಅಂಕ ಮತ್ತು ಒಂದಿಷ್ಟು ತಪ್ಪು ಸೇರಿದ್ದು, ಅಷ್ಟೇ ಅದರ ತಿರುಳು. ಶೇಕಡಾ ಎಷ್ಟು ಮಕ್ಕಳು ಸರಿ ಮಾಡಿದರು ಅನ್ನುವುದೇ ಪ್ರಶ್ನೆಯ ಕಠಿಣತೆ. (ಈ ಸಂಖ್ಯೆ ಜಾಸ್ತಿಯಾದಷ್ಟೂ ಪ್ರಶ್ನೆ ಸುಲಭ. ಈ ತಲೆಕೆಳಗಾದ ಹೆಸರನ್ನು ಯಾರಿಟ್ಟರೋ!) ಮೇಲಿನ ಶೇ. 27 ಮಕ್ಕಳನ್ನೂ ಕೆಳಗಿನ ಶೇ. 27 ಮಕ್ಕಳನ್ನೂ ಹೋಲಿಸಿದರೆ ಭೇದಕ ಶಕ್ತಿ, ಅಂದರೆ ಬಲ್ಲವರನ್ನೂ ಬಾರದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಅನ್ನುವುದು, ಸಿಗುತ್ತದೆ. ವಿಶ್ವಾಸಾರ್ಹತೆಗೆ, ಅಂದರೆ ಅಂಕವನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ, 1951ರಲ್ಲಿ ಕ್ರೋನ್‌ಬಾಕ್ ಹೆಸರು ಕೊಟ್ಟ ಆಲ್ಫಾ ಇದೆ. ಸರಿ-ತಪ್ಪು ಪ್ರಶ್ನೆಗಳಿಗೆ ಅದು 1937ರ ಕೂಡರ್-ರಿಚರ್ಡ್‌ಸನ್ ಸೂತ್ರವೇ.

ಎಲ್ಲವೂ ಎಕ್ಸೆಲ್‌ನಲ್ಲಿ ಒಂದು ಸಂಜೆಯ ಕೆಲಸ. ಅದರಲ್ಲೂ ಮೊದಲ ಹತ್ತು ನಿಮಿಷದಲ್ಲೇ ನನ್ನ ಮಾನ ಹೋಯಿತು. 11ನೇ ಪ್ರಶ್ನೆಯ ಭೇದಕ ಶಕ್ತಿ ಋಣಾತ್ಮಕವಾಗಿತ್ತು. ಅಂದರೆ ಜಾಣರು ತಪ್ಪು ಮಾಡಿದ್ದಾರೆ, ಹಿಂದುಳಿದವರು ಸರಿ ಮಾಡಿದ್ದಾರೆ! ತೆಗೆದು ನೋಡಿದೆ. "3/4, 5/8, 7/12: ಇವುಗಳಲ್ಲಿ ಅತಿ ಚಿಕ್ಕದು ಯಾವುದು?" ಮೊದಲು ಅದು "ಅತಿ ದೊಡ್ಡದು" ಅಂತ ಇತ್ತು. ಕೊನೇ ಗಳಿಗೆಯಲ್ಲಿ ಪ್ರಶ್ನೆ ಬದಲಿಸಿದವನು ಉತ್ತರಪಟ್ಟಿ ಬದಲಿಸಿರಲಿಲ್ಲ. ಪಟ್ಟಿಯಲ್ಲಿ 3/4 ಹಾಗೇ ಉಳಿದಿತ್ತು. ಭಿನ್ನರಾಶಿ ಬಲ್ಲವರು 7/12 ಗುರುತಿಸಿದ್ದರು. ಬಾರದವರು 3 ಮತ್ತು 4 ಚಿಕ್ಕ ಅಂಕಿಗಳು, ಹಾಗಾಗಿ ಭಿನ್ನರಾಶಿಯೂ ಚಿಕ್ಕದು ಅಂದುಕೊಂಡು 3/4 ಗುರುತಿಸಿ ನನ್ನ ಪಟ್ಟಿಯ ಕೃಪೆಯಿಂದ ಒಂದು ಅಂಕ ಹೊಡೆದಿದ್ದರು. ರಾಷ್ ಕೂಡ ಇದನ್ನು "ಹೊಂದಿಕೆಯಾಗದ ಪ್ರಶ್ನೆ" ಅಂತ ತೋರಿಸಿತು ನಿಜ, ಆದರೆ ಅದು ಎರಡು ಭಾನುವಾರ ಕಳೆದ ಮೇಲೆ.

ಸರಿಪಡಿಸಿದ ಮೇಲೆ ಆಲ್ಫಾ 0.81 ಬಂತು, ಅಂಕಗಳ ಹರಡಿಕೆ ತೋರಿಸುವ ಪ್ರಮಾಣಿತ ವಿಚಲನೆ 5.6. ನಮ್ಮಲ್ಲಿ ಹೆಚ್ಚಿನವರು 0.7 ದಾಟಿತು ಅಂತ ಇಲ್ಲೇ ಚಹಾ ಕುಡಿಯಲು ಎದ್ದುಬಿಡುತ್ತಾರೆ. ಇನ್ನೊಂದು ಹೆಜ್ಜೆ ಹಾಕಿ. 1ರಿಂದ 0.81 ಕಳೆದು, ವರ್ಗಮೂಲ ತೆಗೆದು, 5.6ರಿಂದ ಗುಣಿಸಿದರೆ ಮಾಪನದ ತಪ್ಪು ಸುಮಾರು 2.4 ಅಂಕ. ಹಾಗಾದರೆ 18 ತೆಗೆದವಳು 16 ತೆಗೆದವನಿಗಿಂತ ಜಾಣೆ ಅಂತ ಎದೆ ತಟ್ಟಿ ಹೇಳುವಂತಿಲ್ಲ. ರ‍್ಯಾಂಕ್ ಪಟ್ಟಿ ಅಂಟಿಸುವ ಮುಂಚೆ ಮುಖ್ಯೋಪಾಧ್ಯಾಯರಿಗೆ ತೋರಿಸಬೇಕಾದ ಸಂಖ್ಯೆ ಆಲ್ಫಾ ಅಲ್ಲ, ಇದು. ಆಲ್ಫಾವನ್ನು ಉಬ್ಬಿಸುವುದು ಕಷ್ಟವೂ ಅಲ್ಲ. ಇದೇ ಥರದ ಇನ್ನೂ 30 ಪ್ರಶ್ನೆ ತುರುಕಿದರೆ ಅದು 0.9ರ ಹತ್ತಿರ ಹೋಗುತ್ತದೆ. ಮಕ್ಕಳಿಗೆ ನಿದ್ದೆ ಬರುತ್ತದೆ, ಅದು ಬೇರೆ ವಿಷಯ.

ಇನ್ನು ರಾಷ್. ಡೆನ್ಮಾರ್ಕಿನ ಗಣಿತಜ್ಞ ಗೆಯೋರ್ಗ್ ರಾಷ್ 1960ರಲ್ಲಿ ಇದನ್ನು ಪುಸ್ತಕವಾಗಿ ತಂದರು. ಮಗುವನ್ನೂ ಪ್ರಶ್ನೆಯನ್ನೂ ಒಂದೇ ಅಳತೆಪಟ್ಟಿಯ ಮೇಲೆ ನಿಲ್ಲಿಸುವುದು ಇದರ ವಿಶೇಷ. ಮಗುವಿನ ಸಾಮರ್ಥ್ಯ ಮತ್ತು ಪ್ರಶ್ನೆಯ ಕಷ್ಟ ಸಮ ಆದರೆ ಸರಿ ಉತ್ತರದ ಸಾಧ್ಯತೆ ಅರ್ಧಕ್ಕರ್ಧ. ಅಳತೆಯ ಹೆಸರು ಲಾಜಿಟ್, ಅಂದರೆ ಸರಿಯಾಗುವ ಸಾಧ್ಯತೆಯನ್ನು ತಪ್ಪಾಗುವ ಸಾಧ್ಯತೆಯಿಂದ ಭಾಗಿಸಿ ತೆಗೆದ ಲಾಗರಿದಮ್. ನಾನು ಆರ್ ತಂತ್ರಾಂಶದಲ್ಲಿ ಮಿರ್ಟ್ ಪ್ಯಾಕೇಜ್ ಬಳಸಿದೆ, ಎರಡೂ ಉಚಿತ. ಮೊದಲ ಭಾನುವಾರ ಪೂರ್ತಿ ಕನ್ನಡದಲ್ಲಿ ಬರೆದಿದ್ದ ಶಾಲೆಯ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದದ್ದನ್ನು ಸರಿಮಾಡುವುದರಲ್ಲೇ ಹೋಯಿತು. ಫೈಲನ್ನು ಯುಟಿಎಫ್-8 ಆಗಿ ಉಳಿಸಿ, ನನ್ನ ಹಾಗೆ ಒದ್ದಾಡಬೇಡಿ.

ಎರಡನೇ ಭಾನುವಾರ ಸಾರ್ಥಕವಾಯಿತು. ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ಪ್ರಶ್ನೆಗಳು ಇರುವ ನಕ್ಷೆ ನೋಡಿದರೆ ನನ್ನ ಪತ್ರಿಕೆಯ ಬಣ್ಣ ಬಯಲಾಯಿತು. ಕೆಳಗೆ ಸುಲಭದ ಪ್ರಶ್ನೆಗಳು ಜಾತ್ರೆಯಲ್ಲಿ ನಿಂತ ಹಾಗೆ ಒತ್ತೊತ್ತಾಗಿ ನಿಂತಿವೆ, ಮೇಲೆ ಜಾಣ ಮಕ್ಕಳ ಎದುರಿಗೆ ಒಂದು ಪ್ರಶ್ನೆಯೂ ಇಲ್ಲ. ಕಠಿಣತೆಯ ಶೇಕಡಾಗಳು ನನ್ನ ಮುಂದೆಯೇ ಇದ್ದವು, ಆದರೆ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ಸಂಗತಿ ಕೈಲೆಕ್ಕದಲ್ಲೇ ಸಿಗುತ್ತದೆ. 30 ಪ್ರಶ್ನೆಗಳೂ ಒಂದೇ ಕಷ್ಟದವು ಅಂದುಕೊಳ್ಳಿ. 15ರಿಂದ 16ಕ್ಕೆ ಏರಿದರೆ ರಾಷ್ ಅಳತೆಯಲ್ಲಿ 0.13 ಲಾಜಿಟ್ ಹೆಚ್ಚುತ್ತದೆ. 28ರಿಂದ 29ಕ್ಕೆ ಏರಿದರೆ 0.73. ಒಂದೊಂದೇ ಅಂಕ, ಆದರೆ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ತುದಿಯಲ್ಲಿ ಅಳತೆಯ ತಪ್ಪೂ ಹಾಗೇ ದೊಡ್ಡದು. ಹಳೆಯ ಪದ್ಧತಿಯ 2.4 ಅಂಕದ ತಪ್ಪು ಮಾತ್ರ ಎಲ್ಲ ಮಕ್ಕಳಿಗೂ ಒಂದೇ. ಮಳೆಗಾಲ ಬೇಸಿಗೆ ಎರಡಕ್ಕೂ ಒಂದೇ ಕೊಡೆ.

ಮುಜುಗರವೂ ಆಯಿತು. ಒಬ್ಬ ಹುಡುಗಿಗೆ 30ಕ್ಕೆ 30 ಬಂದಿತ್ತು. ಬಂದ ಉತ್ತರಗಳಿಗೆ ಅತಿ ಚೆನ್ನಾಗಿ ಹೊಂದುವ ಸಾಮರ್ಥ್ಯವನ್ನು ಹುಡುಕುವ ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ ಅವಳ ಸಾಮರ್ಥ್ಯ ಅನಂತ! "ಪೂರ್ತಿ ಅಂಕ ತೆಗೆದವಳಿಗೇ ಅಂಕ ಇಲ್ವಾ ಸರ್?" ಅಂದರು ಅವಳ ಟೀಚರ್. ಬೇಸಿಯನ್ ವಿಧಾನಕ್ಕೆ ಬದಲಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು ಅವಳ ಉತ್ತರಗಳ ಜೊತೆಗೆ ಉಳಿದ ಮಕ್ಕಳ ಬಗ್ಗೆ ನಾವು ಮಾಡಿದ ಊಹೆಯಿಂದಲೂ ಬಂದದ್ದು ಅಂತ ಆ ಟೀಚರಿಗೆ ಹೇಳಲು ಹೋಗಲಿಲ್ಲ.

ರಾಷ್ ಇಲ್ಲದೆ ಆಗುವುದೇ ಇಲ್ಲ ಅನ್ನಿಸಿದ್ದು ಜನವರಿಯಲ್ಲಿ. ಜೂನ್‌ನ ಪತ್ರಿಕೆಯನ್ನೇ, ಮಕ್ಕಳು ಎಷ್ಟು ಮುಂದೆ ಬಂದರು ಅಂತ ನೋಡಲು, ಮತ್ತೆ ಕೊಟ್ಟರೆ ಅವರಿಗೆ ನೆನಪಿರುತ್ತದೆ. ಅದಕ್ಕೆ ಹೊಸ ಪತ್ರಿಕೆ ಮಾಡಿ, ಹಳೆಯ 8 ಪ್ರಶ್ನೆಗಳನ್ನು ಮಾತ್ರ ಕೊಂಡಿಯಾಗಿ ಉಳಿಸಿಕೊಂಡಿದ್ದೆ. ಸರಾಸರಿ 16.2ರಿಂದ 14.9ಕ್ಕೆ ಇಳಿಯಿತು. ಆರು ತಿಂಗಳು ಪರಿಹಾರ ಬೋಧನೆ ಮಾಡಿದ ಟೀಚರುಗಳ ಮುಖ ನೋಡಲಾಗಲಿಲ್ಲ. ಕೊಂಡಿಯ 8 ಪ್ರಶ್ನೆಗಳಲ್ಲಿ ಮಾತ್ರ ಸರಾಸರಿ 4.1ರಿಂದ 5.3ಕ್ಕೆ ಏರಿತ್ತು. ಅವನ್ನೇ ಗೂಟ ಮಾಡಿ ಎರಡೂ ಪತ್ರಿಕೆಗಳನ್ನು ಒಂದೇ ಅಳತೆಗೆ ತಂದಾಗ ಹೊಸ ಪತ್ರಿಕೆ ಕಷ್ಟವಾಗಿತ್ತು, ಮಕ್ಕಳು ಸುಮಾರು 0.6 ಲಾಜಿಟ್ ಮುಂದೆ ಬಂದಿದ್ದರು ಅಂತ ಗೊತ್ತಾಯಿತು. ಜೂನ್‌ನಲ್ಲಿ ಅರ್ಧಕ್ಕರ್ಧ ಸಾಧ್ಯತೆ ಇದ್ದ ಪ್ರಶ್ನೆ ಈಗ ಶೇ. 65ರ ಹತ್ತಿರ. ಹಳೆಯ ಪದ್ಧತಿಯಲ್ಲೂ ಕೊಂಡಿ ಪ್ರಶ್ನೆಗಳಿಂದ ಅಂಕ ಹೊಂದಿಸುವ ದಾರಿಗಳಿವೆ. ಆದರೆ ನನಗೆ ಇದು ಸಲೀಸು.

ಟೀಚರುಗಳು ಖುಷಿಪಟ್ಟರು. ನಾನು ಪೂರ್ತಿ ಖುಷಿಪಡಲಿಲ್ಲ. ಪರಿಹಾರ ಬೋಧನೆ ಇಲ್ಲದ ಒಂದು ಶಾಲೆಯನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲವಲ್ಲ. ಆರು ತಿಂಗಳಲ್ಲಿ ಮಾಮೂಲಿ ಪಾಠವೂ ನಡೆದಿದೆ, ಮಕ್ಕಳು ದೊಡ್ಡವರೂ ಆಗಿದ್ದಾರೆ. ಆ 0.6ರಲ್ಲಿ ನಮ್ಮ ಪಾಲು ಎಷ್ಟು ಅಂತ ರಾಷ್ ಹೇಳುವುದಿಲ್ಲ, ಯಾವ ಮಾದರಿಯೂ ಹೇಳುವುದಿಲ್ಲ. ಅದು ಜೂನ್‌ಗೂ ಮುಂಚೆ ಯೋಚಿಸಬೇಕಿದ್ದ ವಿಷಯ.

2ಪಿಎಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಷ್‌ನಲ್ಲಿ ಎಲ್ಲ ಪ್ರಶ್ನೆಗಳ ಭೇದಕ ಶಕ್ತಿ ಒಂದೇ, ಇಲ್ಲಿ ಪ್ರತಿ ಪ್ರಶ್ನೆಗೂ ಬೇರೆ ಬೇರೆ. ವಾಸ್ತವಕ್ಕೆ ಇದೇ ಹತ್ತಿರ ಅಂತ ಒಪ್ಪುತ್ತೇನೆ. ಮೊದಲು ರಾಷ್ ಬಳಸುತ್ತಿದ್ದ, ಹಲವು ದೇಶಗಳ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆ ಕೂಡ 2015ರಿಂದ 2ಪಿಎಲ್ ಅನ್ನು ಸೇರಿಸಿಕೊಂಡಿತು. ಆದರೆ ಅವರ ಹತ್ತಿರ ಲಕ್ಷಗಟ್ಟಲೆ ಮಕ್ಕಳು, ನನ್ನ ಹತ್ತಿರ 212. ಅದೇ ಮಕ್ಕಳಿಂದ ಮತ್ತೆ ಮತ್ತೆ ಚೀಟಿ ಎತ್ತಿ ಲೆಕ್ಕ ಹಾಕಿ ನೋಡಿದೆ. ಕಷ್ಟದ ಸಂಖ್ಯೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತವು, ಭೇದಕ ಶಕ್ತಿಗಳು ಉಯ್ಯಾಲೆ ಆಡಿದವು. ಮಕ್ಕಳು ಊಹಿಸಿ ಉತ್ತರ ಗುರುತಿಸುವುದನ್ನೂ ಲೆಕ್ಕಕ್ಕೆ ತರುವ 3ಪಿಎಲ್ ಮಾದರಿಯ ಲೆಕ್ಕ ಮುಗಿಯಲೇ ಇಲ್ಲ, ಸುಮ್ನೆ ನಿಲ್ಲಿಸಿದೆ.

ಇನ್ನೊಂದು ತೊಡಕು ಜನರ ಜೊತೆಗಿನದು. ಒಂದೇ ಪತ್ರಿಕೆ ಬರೆದ ಇಬ್ಬರಿಗೆ 18 ಬಂದರೆ ಹಳೆಯ ಪದ್ಧತಿಯಲ್ಲೂ ರಾಷ್‌ನಲ್ಲೂ ಇಬ್ಬರೂ ಸಮ. 2ಪಿಎಲ್‌ನಲ್ಲಿ ಯಾವ 18 ಅನ್ನುವುದರ ಮೇಲೆ ಬೇರೆ ಬೇರೆ. ಇದನ್ನು ಪೋಷಕರ ಸಭೆಯಲ್ಲಿ ವಿವರಿಸುವವರು ಯಾರು?

ಇನ್ನೊಂದು ಪ್ರಶ್ನೆಯಲ್ಲೂ ಹಳೆಯದು, ರಾಷ್ ಎರಡೂ ಕೈ ಜೋಡಿಸಿದವು. "ಎರಡು ಸೇರು ಅಕ್ಕಿಯಲ್ಲಿ ಒಂದೂವರೆ ಸೇರು ಕೊಟ್ಟರೆ ಉಳಿಯುವುದು ಎಷ್ಟು ಪಾವು?" ಒಟ್ಟು ಅಂಕ ಒಂದೇ ಇದ್ದ ಮಕ್ಕಳನ್ನು ಪಕ್ಕಪಕ್ಕ ಇಟ್ಟರೆ ಹಳ್ಳಿಯವರು ಸರಿ, ಪೇಟೆಯವರು ತಪ್ಪು. ಹೀಗೆ ಹೋಲಿಸುವ ಮ್ಯಾಂಟಲ್-ಹೆನ್‌ಸೆಲ್ ಲೆಕ್ಕವೂ ರಾಷ್‌ನ ಗುಂಪು ಹೋಲಿಕೆಯೂ ಇದನ್ನೇ ಹೇಳಿದವು. ಸೇರಿಗೆ ನಾಲ್ಕು ಪಾವು ಅಂತ ಪೇಟೆ ಮಕ್ಕಳು ಎಲ್ಲೂ ನೋಡಿಲ್ಲ, ಅವರ ಮನೆಗೆ ಅಕ್ಕಿ ಕಿಲೋ ಲೆಕ್ಕದಲ್ಲಿ ಬರುತ್ತದೆ. ನಾನು ಭಿನ್ನರಾಶಿ ಅಳೆಯುತ್ತಿದ್ದೇನೆ ಅಂದುಕೊಂಡು ಅಜ್ಜಿಮನೆ ಅಳೆದಿದ್ದೆ.

ಹಾಗಾಗಿ ಈಗ ನನ್ನ ಪರಿಪಾಠ ಹೀಗಿದೆ. ಒಂದು ತರಗತಿ, ಒಂದು ಪತ್ರಿಕೆ ಅಂದರೆ ಎಕ್ಸೆಲ್ ಸಾಕು, ಜೊತೆಗೆ ಮಾಪನದ ತಪ್ಪನ್ನು ಬರೆದಿಡುತ್ತೇನೆ. ಎರಡು ಪತ್ರಿಕೆಗಳನ್ನು ಹೋಲಿಸಬೇಕೆಂದರೆ ಕೊಂಡಿ ಪ್ರಶ್ನೆಗಳು ಮತ್ತು ರಾಷ್. 2ಪಿಎಲ್ ಫೈಲು ಕಂಪ್ಯೂಟರಿನಲ್ಲಿ ಹಾಗೇ ಇದೆ. ಮತ್ತೆ, ಉತ್ತರಗಳನ್ನು ಈಗ 0, 1 ಅಂತ ನಮೂದಿಸುವುದಿಲ್ಲ. ಮಗು ಗುರುತಿಸಿದ ಎ, ಬಿ, ಸಿ, ಡಿ ಅಕ್ಷರವನ್ನೇ ಬರೆಯುತ್ತೇನೆ. 11ನೇ ಪ್ರಶ್ನೆಗಾಗಿ 212 ಉತ್ತರಪತ್ರಿಕೆಗಳನ್ನು ಮತ್ತೆ ಕಟ್ಟುಬಿಚ್ಚಿ ತಿರುವಿದ ರಾತ್ರಿ ಇನ್ನೂ ನೆನಪಿದೆ.